ಹನ್ನೊಂದು ಗುದ್ದು, ಒಂದು ಕಪಾಳಮೋಕ್ಷ

೩, ಮಂಗಳವಾರ

ಬರೆಯಬೇಕಂತೆ. ಈ ವಯಸ್ಸಿನಲ್ಲಿ! ಅರವತ್ತೆಂಟು ತುಂಬಿದವಳ ಕೈಗೆ ನೂರು ಪುಟದ ನೋಟ್‌ಬುಕ್ ತುರುಕಿ, "ಅಜ್ಜಿ, ಕೋಪ ಬಂದಾಗೆಲ್ಲಾ ಇದರಲ್ಲಿ ಬರೀರಿ, ಯಾರೂ ಓದಲ್ಲ" ಎಂದಳು ಕೌನ್ಸೆಲರ್ ಹುಡುಗಿ. ಯಾರೂ ಓದದಿದ್ದರೆ ಬರೆಯುವುದೇಕೆ? ಪುಟ ತುಂಬಿದೆಯೋ ಇಲ್ಲವೋ ಎಂದು ದೂರದಿಂದ ನೋಡುತ್ತಾಳಂತೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಬರುತ್ತದೆ... ಒಂದೊಂದನ್ನೂ ಗುಂಡಿಯ ಕಾಜಾ ಹೊಲಿದ ಹಾಗೆ ಹೊಲಿಯಬೇಕು.

ನನ್ನ ಅಪರಾಧ ಇಷ್ಟು. ಮೂರು ತಿಂಗಳಿಂದ ಬಿಳಿ ದಾರ ಕೇಳುತ್ತಿದ್ದೇನೆ. ಹೋದ ವಾರದ ಮೀಟಿಂಗಿನಲ್ಲೂ ಕೇಳಿದೆ. ಸೂಪರಿಂಟೆಂಡೆಂಟ್ ಸಾಹೇಬರು ಫೋನು ನೋಡುತ್ತಾ "ಹೂಂ ಹೂಂ" ಅಂದರು. ಟೀ ಲೋಟ ಮೇಜಿಗೆ ಕುಕ್ಕಿದೆ. ಟೀ ಹಾರಿ ಅವರ ಫೈಲಿನ ಮೇಲೆ ಕೂತಿತು. ಅಷ್ಟೇ.

ಇಲ್ಲಿನ ಮಕ್ಕಳು ಹೊಡೆದಾಡಿದರೂ ಇದೇ ನೋಟ್‌ಬುಕ್. ಹೊರಗೆ ಏನಾದರೊಂದು ಮಾಡಿಕೊಂಡು, ಕೋರ್ಟಿನಿಂದ ಇಲ್ಲಿಗೆ ಬಂದ ಮಕ್ಕಳು. ಹುಡುಗರ ಕಡೆ ಮೂವತ್ತೆಂಟು, ಹುಡುಗಿಯರ ಕಡೆ ಹದಿನಾಲ್ಕು. ನಡುವೆ ಕಬ್ಬಿಣದ ಬಾಗಿಲು, ಬಾಗಿಲ ಪಕ್ಕ ನನ್ನ ಹೊಲಿಗೆ ಕೋಣೆ. ಈಗ ಐವತ್ತಮೂರನೆಯವಳು ನಾನು.

ಪುಟ ತುಂಬಿತು. ಸಾಕು.

೪, ಬುಧವಾರ

ರಿಪೇರಿ ದಿನ. ನೀಲಿ ಬುಟ್ಟಿ ಹುಡುಗರದ್ದು, ಹಳದಿ ಬುಟ್ಟಿ ಹುಡುಗಿಯರದ್ದು. ಒಗೆದ ಬಟ್ಟೆಯೆಲ್ಲಾ ಇಲ್ಲಿಗೆ ಬರುತ್ತದೆ. ಹರಿದದ್ದು, ಕಿತ್ತದ್ದನ್ನು ನಾನು ಹೊಲಿದು ಬುಕ್ಕಿನಲ್ಲಿ ಬರೆದಿಡಬೇಕು.

ಇಪ್ಪತ್ತೆರಡು ವರ್ಷದ ಅನುಭವ. ಅಂಗಿ ನೋಡಿದರೆ ಜಗಳ ಗೊತ್ತಾಗುತ್ತದೆ. ಕಾಲರ್ ಹಿಂದೆ ಕಿತ್ತಿದ್ದರೆ ಓಡುತ್ತಿದ್ದವನನ್ನು ಹಿಡಿದೆಳೆದಿದ್ದಾರೆ. ಮುಂದೆ ಎರಡು ಗುಂಡಿ ಹಾರಿದ್ದರೆ ಕೊರಳಪಟ್ಟಿಗೆ ಕೈ ಹಾಕಿದ್ದಾರೆ. ಕಂಕುಳ ಹೊಲಿಗೆ ಬಿಟ್ಟಿದ್ದರೆ—ಕೈ ಎತ್ತಿ ಬೀಸಿದವನು ಇವನೇ.

ಇವತ್ತು ಬುಲ್ಡೋಜರ್‌ನ ಅಂಗಿ ಬಂತು. ಯಾರದೋ ಬೈಕ್ ಎತ್ತಿಕೊಂಡು ಹೋಗಿ, ಗೋಡೆಗೆ ಗುದ್ದಿ, ಬಿಡಿಸಲು ಬಂದವರಿಗೂ ಗುದ್ದಿ ಇಲ್ಲಿಗೆ ಬಂದವನು. ಹದಿನೇಳು ವರ್ಷ, ಬೀರುವಿನ ಗಾತ್ರ.

"ಏನೋ ಇದು?"

"ಬಾಗಿಲಿಗೆ ಸಿಕ್ಕಿ ಹರೀತು ಅಜ್ಜಿ."

"ಬಾಗಿಲಿಗೆ ಹಲ್ಲಿದೆಯೇನೋ? ಕಚ್ಚಿದ ಗುರುತಿದೆ ನೋಡು."

ತಲೆ ಕೆರೆದುಕೊಂಡ. "ಹಳೇ ಬಾಗಿಲು ಅಜ್ಜಿ."

ಹಳದಿ ಬುಟ್ಟಿಯಲ್ಲಿ ಇವತ್ತೂ ಒಂದೇ ಒಂದು ರಿಪೇರಿ ಇಲ್ಲ. ಮೂರು ತಿಂಗಳಿಂದ ಹುಡುಗಿಯರ ಪುಟದಲ್ಲಿ ಸೊನ್ನೆಯ ಕೆಳಗೆ ಸೊನ್ನೆ. ನನ್ನ ಹೊಲಿಗೆ ಕ್ಲಾಸಿಗೆ ಬರುವವರಲ್ಲವೇ, ಕೈಕಾಲು ಹದ್ದುಬಸ್ತಿನಲ್ಲಿವೆ ಎಂದು ಕೌನ್ಸೆಲರ್ ಎದುರು ಬೀಗಿದೆ. ಅವಳಿಗೆ ಕಣ್ಣರಳಿತು. ಹುಡುಗರಿಗೂ ಹುಡುಗಿಯರಿಗೂ ಸಿಟ್ಟು ಎಷ್ಟೆಷ್ಟು ಎಂದು ಚಾರ್ಟು ಮಾಡುತ್ತಿದ್ದಾಳಂತೆ. ರಿಪೇರಿ ಬುಕ್ಕು ಒಯ್ದಳು. ಒಯ್ಯಲಿ. ನನಗೇನು.

೬, ಶುಕ್ರವಾರ

ನನ್ನ ಕ್ಲಾಸಿನಲ್ಲೇ. ನನ್ನ ಕಣ್ಣೆದುರೇ!

ಪಿನ್ನು ಎದ್ದಳು, ಮೂರು ಹೆಜ್ಜೆ ನಡೆದಳು, ಮಹಾರಾಣಿಯ ಕೆನ್ನೆಗೆ ಫಟೀರ್ ಎಂದು ಬಿಟ್ಟಳು. ವಾಪಸು ಬಂದು ಕೂತು ತೋಳು ಹೊಲಿಯುವುದನ್ನು ಮುಂದುವರಿಸಿದಳು. ಹೊಲಿಗೆ ಒಂದಿಷ್ಟೂ ಸೊಟ್ಟಗಾಗಲಿಲ್ಲ.

ಪಿನ್ನು ಎಂದರೆ ಹೆಸರಿಗೆ ತಕ್ಕ ಸಣಕಲಿ. ಬಾಡಿಗೆಗೆಂದು ಕೂಗಾಡಿದ ಮನೆ ಮಾಲೀಕನ ಕಾರಿನ ನಾಲ್ಕೂ ಗಾಜು ಒಡೆದು ಬಂದವಳು. ಇಲ್ಲಿಗೆ ಬಂದ ಹತ್ತು ತಿಂಗಳಲ್ಲಿ ಯಾರ ಮೇಲೂ ಕೈ ಎತ್ತಿರಲಿಲ್ಲ. ಮಹಾರಾಣಿ ಹುಡುಗಿಯರ ಗುಂಪಿನ ಯಜಮಾನಿ. ಅವಳು ಕೂತರೆ ಉಳಿದವರು ಕೂರುತ್ತಾರೆ.

"ಯಾಕೆ ಹೊಡೆದೆ?"

"ಕೈ ಜಾರಿತು."

"ಅಷ್ಟು ಗುರಿಯಿಟ್ಟು ಜಾರುತ್ತೇನೇ ಕೈ?"

ಹಲ್ಲಿನಿಂದ ದಾರ ಕಡಿದಳು. ಮಹಾರಾಣಿಯೂ ಕಾರಣ ಹೇಳಲಿಲ್ಲ. ವಾರ್ಡನ್ ಬಂದು ಕೆಂಪು ಫಾರಂ ತುಂಬಿದಳು. ಒಂದು ಏಟಿಗೆ ಒಂದು ವಾರ ಪಾತ್ರೆ ತೊಳೆಯುವುದು. ಎಲ್ಲರಿಗೂ ಇರುವ ನಿಯಮ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಬುಲ್ಡೋಜರ್ ಈ ವರ್ಷ ಹನ್ನೊಂದು ಗುದ್ದಿಗೆ ಹನ್ನೊಂದು ವಾರ ತೊಳೆದ. ಅಡಿಗೆಮನೆ ಪಾತ್ರೆಯಲ್ಲಿ ಈಗ ಮುಖ ನೋಡಿಕೊಳ್ಳಬಹುದು.

ಆದರೆ ಮೂವತ್ತನೇ ತಾರೀಖು ಮಂಡಳಿ ಕೂರುತ್ತದೆ. ಅವಧಿಗೆ ಮೊದಲೇ ಮನೆಗೆ ಕಳಿಸುವ ಪಟ್ಟಿಯಲ್ಲಿ ಎರಡೇ ಹೆಸರು. ಬುಲ್ಡೋಜರ್, ಪಿನ್ನು. ಪಿನ್ನಿಗೆ ಏಳು ವರ್ಷದ ತಂಗಿಯಿದ್ದಾಳೆ. ಅಮ್ಮನ ಜೊತೆ ಪ್ರತಿ ಭಾನುವಾರ ಬರುತ್ತಾಳೆ. ಬಂದವಳು "ಅಕ್ಕಾ, ಇನ್ನೆಷ್ಟು ಭಾನುವಾರ?" ಎಂದು ಕೇಳಿಯೇ ಚಪ್ಪಲಿ ಬಿಡುತ್ತಾಳೆ. ಹೋದ ಸಲ ಪಿನ್ನು "ನಾಲ್ಕು" ಎಂದಿದ್ದಳು.

ಈ ಹೊತ್ತಿನಲ್ಲೇ ಕೈ ಜಾರಬೇಕಿತ್ತೇ!

೭, ಶನಿವಾರ

ಕೋಪ ಬರಲಿಲ್ಲ. ಮನೆಯಲ್ಲಿ ನನ್ನ ತಂಗಿ ಕೇಳಿದಳು, "ಅಕ್ಕ, ಮೈ ಹುಷಾರಿದೆ ತಾನೇ?"

ಆಗ ಬಂತು.

೧೦, ಮಂಗಳವಾರ

ಕಾರಣ ಸಿಕ್ಕಿತು. ಒಗೆದ ಬಟ್ಟೆಯ ರಾಶಿಯಲ್ಲಿ.

ಇಲ್ಲಿ ಬಟ್ಟೆಗೆ ಹೆಸರಿಲ್ಲ, ದಾರದಲ್ಲಿ ಹೊಲಿದ ನಂಬರು. ನಂಬರು ನೋಡಿ ಬಟ್ಟೆ ಹಂಚುತ್ತಾರೆ. ಹುಡುಗಿಯರ ರಾಶಿಯಲ್ಲಿ ಮೂರು ಅಂಗಿ, ಎರಡು ಸ್ಕರ್ಟು, ಒಂದು ಟವಲು ಅನಾಥವಾಗಿ ಬಿದ್ದಿದ್ದವು. ನಂಬರು ಬಿಚ್ಚಿದ್ದಾರೆ. ಒಂದೊಂದೇ ಎಳೆ, ಬಟ್ಟೆಗೆ ಕತ್ತರಿ ತಾಗದಂತೆ, ಎಂಥ ಚೊಕ್ಕ ಕೆಲಸ! ಹಾಗೆ ಬಿಚ್ಚುವುದನ್ನು ಕಲಿಸಿದವಳು ನಾನೇ. ಮೊದಲು ಹೆಮ್ಮೆಯಾಯಿತು. ಆಮೇಲೆ ಯಾರಿಗೆ ಬಟ್ಟೆ ಸಿಕ್ಕಿಲ್ಲ ಎಂದು ಹಂಚುವವರನ್ನು ಕೇಳಿದೆ.

ಹದಿನೈದು ದಿನದ ಹಿಂದೆ ಬಂದ ಹೊಸ ಹುಡುಗಿಯದ್ದು ಅವು. ಕರೆದೆ. ಮೈಮೇಲಿನ ಅಂಗಿ ಇನ್ನೂ ಒದ್ದೆ. ಇರುವ ಒಂದನ್ನೇ ದಿನಾ ಒಗೆದು ತೊಡುತ್ತಿದ್ದಾಳೆ. ಕೇಳಿದ್ದಕ್ಕೆ ಅಳುತ್ತಲೇ ಒಂದೊಂದಾಗಿ ಹೇಳಿದಳು. ಒಂಬತ್ತು ದಿನ ಅವಳ ಜೊತೆ ಒಬ್ಬರೂ ಮಾತಾಡಿಲ್ಲ. ಊಟಕ್ಕೆ ಕೂತರೆ ಬೆಂಚು ಖಾಲಿ. "ನೀರು ಕೊಡಿ" ಅಂದರೆ ಗೋಡೆ ನೋಡುತ್ತಾರೆ. ಹತ್ತನೇ ದಿನ ಪಿನ್ನಿನ ಕೈ ಜಾರಿದ್ದು.

ಮಹಾರಾಣಿಯನ್ನು ಹಿಡಿದು ನಿಲ್ಲಿಸಿದೆ.

"ನಾವ್ಯಾರೂ ಅವಳ ಮೇಲೆ ಕೈ ಮಾಡಿಲ್ಲ ಅಜ್ಜಿ."

"ಮಾತು?"

"ಮಾತಾಡದೇ ಇರೋದೂ ತಪ್ಪಾ? ಯಾವ ರೂಲಲ್ಲಿದೆ?"

ಕೆಂಪು ಫಾರಂ ತಿರುವಿ ನೋಡಿದೆ. ಗುದ್ದಿದ್ದಕ್ಕೆ ಕಾಲಂ ಇದೆ, ಒದ್ದಿದ್ದಕ್ಕಿದೆ, ತಟ್ಟೆ ಎಸೆದಿದ್ದಕ್ಕಿದೆ. ಒಂಬತ್ತು ದಿನ ಗೋಡೆ ನೋಡಿದ್ದಕ್ಕೆ ಇಲ್ಲ. ಬುಲ್ಡೋಜರ್‌ನಂಥವರು ಐದು ನಿಮಿಷ ಗುದ್ದಾಡಿ ಮಧ್ಯಾಹ್ನ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಇವರು ಬೆರಳೂ ಸೋಕಿಸದೆ ಒಬ್ಬಳನ್ನು ಒಣಗಿಸಿಬಿಡುತ್ತಾರೆ.

ಹೊಸಬಳ ನಂಬರು ಎಲ್ಲದಕ್ಕೂ ಮತ್ತೆ ಹೊಲಿದೆ. ಈ ಸಲ ಮಿಶನ್ನಿನಲ್ಲಿ, ಮೂರು ಸಲ ಓಡಿಸಿ. ಬಿಚ್ಚಲಿ ನೋಡುತ್ತೇನೆ.

೧೧, ಬುಧವಾರ

ಮುದುಕಿಗೆ ಬುದ್ಧಿ ಇಲ್ಲ. ನನಗೇ ಹೇಳಿಕೊಂಡದ್ದು.

ನಂಬರಿನ ಗುಮಾನಿ ಹೊಕ್ಕಿತಲ್ಲ, ಇವತ್ತು ಹಳದಿ ಬುಟ್ಟಿಯ ಬಟ್ಟೆಯನ್ನೆಲ್ಲಾ ಕಿಟಕಿಯ ಬೆಳಕಿಗೆ ಹಿಡಿದೆ. ಗುಂಡಿಗಳು ಗಟ್ಟಿಯಾಗಿವೆ. ತೀರಾ ಗಟ್ಟಿ. ಹಿಂದೆ ತಿರುಗಿಸಿದರೆ ಎರಡು ಸುತ್ತು, ಒಳಗೆ ಗಂಟು. ಫ್ಯಾಕ್ಟರಿಯಲ್ಲಿ ಹಾಗೆ ಹಾಕುವುದಿಲ್ಲ. ಹಾಗೆ ಹಾಕುವವಳು ಜಗತ್ತಿನಲ್ಲಿ ನಾನೊಬ್ಬಳೇ, ಮತ್ತು ನನ್ನ ಹತ್ತಿರ ಕಲಿತವರು. ಕಾಲರಿನ ಕೆಳಗೆ ಕಣ್ಣಿಗೆ ಕಾಣದ ಹೊಲಿಗೆ. ತೋಳಿನ ಬುಡದಲ್ಲಿ ತೇಪೆ, ಒಳಗಿನಿಂದ.

ಹದಿನಾಲ್ಕು ಹುಡುಗಿಯರ ಬಟ್ಟೆಯಲ್ಲಿ ಇಪ್ಪತ್ತಾರು ಕಡೆ.

ಇವರೂ ಹೊಡೆದಾಡುತ್ತಾರೆ! ಹೊಡೆದಾಡಿ, ಸಂಜೆ ಕೂತು, ನನ್ನ ಬಿಳಿ ದಾರದಲ್ಲೇ ತಾವೇ ಹೊಲಿದುಕೊಂಡು, ಏನೂ ಆಗದವರ ಹಾಗೆ ಬುಟ್ಟಿಗೆ ಹಾಕುತ್ತಾರೆ. ನಾನು ಸೊನ್ನೆ ಬರೆದು ಊರೆಲ್ಲಾ ಬೀಗಿದೆ.

ನಗು ಬಂತು. ಒಬ್ಬಳೇ ಕೂತು ನಕ್ಕೆ. ತೇಪೆ ಮಾತ್ರ ಚೆನ್ನಾಗಿ ಹಾಕಿದ್ದಾರೆ, ಕಳ್ಳಿಯರು.

೧೩, ಶುಕ್ರವಾರ

ಈಗ ನಗು ಇಲ್ಲ.

ಮೀಟಿಂಗ್. ಕೌನ್ಸೆಲರ್ ಚಾರ್ಟು ತಂದು ಗೋಡೆಗೆ ಅಂಟಿಸಿದಳು. ಹುಡುಗರ ಕೆಂಪು ಕಂಬ ನಲವತ್ತೊಂದು, ಫ್ಯಾನು ಮುಟ್ಟುವಷ್ಟು ಎತ್ತರ. ಹುಡುಗಿಯರ ಕಡೆ ಬರೇ ಗೆರೆ. "ಅಜ್ಜಿಯ ಬುಕ್ಕಿನಿಂದಲೇ ತೆಗೆದದ್ದು" ಎಂದು ನನ್ನ ಕಡೆ ನಕ್ಕಳು ಬೇರೆ.

ಸಾಹೇಬರು ಚಾರ್ಟು ನೋಡಿದರು, ಪಿನ್ನಿನ ಫೈಲು ನೋಡಿದರು. "ನೋಡಿ, ಹುಡುಗಿಯರೆಲ್ಲಾ ಇಷ್ಟು ಶಾಂತವಾಗಿರೋವಾಗ ಇವಳೊಬ್ಬಳೇ ಕೈ ಎತ್ತುತ್ತಾಳೆ ಅಂದ್ರೆ ಇವಳಲ್ಲೇ ಏನೋ ಐಬಿದೆ." ಮಂಡಳಿಗೆ ಕಳಿಸುವ ಶಿಫಾರಸನ್ನು ಓದಿದರು. ಬುಲ್ಡೋಜರ್, ಹನ್ನೊಂದು ಏಟು: "ವಯಸ್ಸಿನ ಹುಮ್ಮಸ್ಸು. ಮನೆಗೆ ಕಳಿಸಬಹುದು." ಪಿನ್ನು, ಒಂದು ಏಟು: "ಹಿಂಸಾ ಪ್ರವೃತ್ತಿ. ಇನ್ನೂ ಆರು ತಿಂಗಳು ಇರಿಸಿಕೊಳ್ಳುವುದು ಸೂಕ್ತ."

ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಇಪ್ಪತ್ತಾರು ತೇಪೆ ಎಂದು ಬಾಯಿ ಬಿಟ್ಟರೆ ಉಳಿದ ಹುಡುಗಿಯರಿಗೆಲ್ಲಾ ಕೆಂಪು ಫಾರಂ. ಬಿಡದಿದ್ದರೆ ಪಿನ್ನಿಗೆ ಇನ್ನೂ ಇಪ್ಪತ್ತಾರು ಭಾನುವಾರ. ಆ ಸೊನ್ನೆ ಬರೆದವಳು ನಾನು.

ನನ್ನನ್ನು ಶಾಲೆ ಬಿಡಿಸಿದ್ದೂ ಹೀಗೇ. ಪಕ್ಕದ ಹುಡುಗ ಸ್ಲೇಟಿನಲ್ಲಿ ನನ್ನ ತಲೆಗೆ ಕೊಟ್ಟ, ನಾನು ನನ್ನ ಸ್ಲೇಟಿನಲ್ಲಿ ಅವನ ತಲೆಗೆ ಕೊಟ್ಟೆ. ಇಬ್ಬರಿಗೂ ಒಂದೇ ಗಾತ್ರದ ಬುಗುಟು. ಅವನು ಮಾರನೇ ದಿನ ಕ್ಲಾಸಿನಲ್ಲಿದ್ದ. ನನ್ನಪ್ಪನನ್ನು ಕರೆಸಿದರು. "ಹೆಣ್ಣುಮಗು ಹೀಗಾದ್ರೆ ಕಷ್ಟ, ಮನೇಲೇ ಇರಲಿ." ಆಮೇಲೆ ಆ ಹುಡುಗ ಮೇಷ್ಟರಾದ. ಒಳ್ಳೇ ಮೇಷ್ಟರಂತೆ. ಇರಲಿ ಪಾಪ.

೧೭, ಮಂಗಳವಾರ

ಮೂರು ದಿನ ಬರೆಯಲಿಲ್ಲ. ಕೌನ್ಸೆಲರ್ ದೂರದಿಂದ ಕತ್ತು ಚಾಚಿ ನೋಡಿ, "ಕೋಪ ಕಡಿಮೆಯಾಗಿದೆ!" ಎಂದು ಖುಷಿಪಟ್ಟಳು. ಹೂಂ.

ಇವತ್ತು ಕ್ಲಾಸಿನಲ್ಲಿ ಹುಡುಗಿಯರ ಬಟ್ಟೆಯನ್ನೆಲ್ಲಾ ಮೇಜಿನ ಮೇಲೆ ಒಳಹೊರಗೆ ತಿರುಗಿಸಿ ಹರಡಿದೆ. ಪಿನ್ನು ತಡವಾಗಿ ಬಂದವಳು ಬಾಗಿಲಲ್ಲೇ ನಿಂತಳು.

"ಇಪ್ಪತ್ತಾರು," ಎಂದೆ. "ಇಪ್ಪತ್ತೇಳು ಅನ್ನೋರಿದ್ದರೆ ಈಗ್ಲೇ ಹೇಳಿ."

ಮೂಲೆಯಿಂದ ಒಬ್ಬಳು, "ಅಜ್ಜಿ, ಕಾಲುಚೀಲನೂ ಸೇರುತ್ತಾ?"

ಕೆಲವರು ಕಿಸಕ್ ಎಂದರು. ನಾನು ಬಿಗಿಯಾಗಿ ನಿಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಚಾರ್ಟಿನಲ್ಲಿ ನೀವೆಲ್ಲಾ ದೇವತೆಗಳು, ಪಿನ್ನು ಒಬ್ಬಳೇ ರಾಕ್ಷಸಿ. ನಾನು ನಿಜ ಹೇಳಿದರೆ ನಿಮಗೆಲ್ಲಾ ಫಾರಂ, ಪಾತ್ರೆ. ಹೇಳದಿದ್ದರೆ ಇವಳಿಗೆ ಆರು ತಿಂಗಳು. "ನಾನು ನಿಮ್ಮನ್ನು ಕೇಳದೆ ಹೇಳಲ್ಲ. ಯೋಚನೆ ಮಾಡಿ."

"ಬೇಡ ಅಜ್ಜಿ," ಎಂದಳು ಪಿನ್ನು. "ಹೊಡೆದಿದ್ದು ನಾನು. ನಾನೇ ಇರ್ತೀನಿ."

"ನೀನು ಬಾಯಿ ಮುಚ್ಕೋ. ನಿನ್ನನ್ನು ಕೇಳಲಿಲ್ಲ."

ಎಲ್ಲರೂ ಮಹಾರಾಣಿಯ ಮುಖ ನೋಡಿದರು. ಅವಳು ಕೆನ್ನೆ ಸವರಿಕೊಂಡಳು. ಎದ್ದು ಬಂದು ಒಂದು ಅಂಗಿ ಎತ್ತಿದಳು. "ಈ ಕಾಲರ್ ಕಿತ್ತಿದ್ದು ನಾನು. ಇದೂ ನಾನೇ. ಈ ಗುಂಡಿ... ಇದು ನನ್ನ ಅಂಗೀದೇ, ಈ ಪಕ್ಕದವಳು ಕಿತ್ತಿದ್ದು." ಅಂಗಿ ಮಡಿಸಿಟ್ಟು, "ನಂಬರು ಬಿಚ್ಚಿದ್ದೂ ನಾನು. ಅದನ್ನೂ ಬರ್ಕೊಳಿ" ಎಂದಳು.

ಆಮೇಲೆ ಮೇಜಿನ ಸುತ್ತ ಜಾತ್ರೆ. "ಅದು ನಾನು ಹರಿದಿದ್ದು ಕಣೇ!" "ನಿನ್ನ ಕೈಲಿ ಅಷ್ಟು ಹರಿಯೋಕೆ ಆಗುತ್ತಾ, ಅದು ನಾನು!" ಇಪ್ಪತ್ತಾರು ಹರಕಿಗೆ ಮೂವತ್ತು ಸಲ "ನಾನು, ನಾನು".

ಕೊನೆಗೆ ಮಹಾರಾಣಿ ಹೊಸಬಳ ಕಡೆ ತಿರುಗಿ, ತೀರಾ ಕಷ್ಟಪಟ್ಟು, "ಊಟಕ್ಕೆ ಬಾ" ಎಂದಳು.

ಹೊಸಬಳು ಗೋಡೆ ನೋಡಿದಳು.

ಆಮೇಲೆ ಅವಳಿಗೇ ತಡೆಯಲಾಗದೆ ನಕ್ಕುಬಿಟ್ಟಳು. ಹುಡುಗಿಗೆ ತಾಕತ್ತಿದೆ.

೧೮, ಬುಧವಾರ

ಕೌನ್ಸೆಲರ್‌ಗೆ ಎಲ್ಲಾ ಹೇಳಿದೆ. ಅಂಗಿಯ ಒಳಮಗ್ಗುಲು ತೋರಿಸಿದೆ. ಅವಳ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅಳುತ್ತಾಳೇನೋ ಎಂದುಕೊಂಡೆ. ಇಲ್ಲ, ಕುರ್ಚಿಯಲ್ಲಿ ಹಿಂದೆ ಬಾಗಿ ನಕ್ಕಳು.

"ಅಜ್ಜಿ, ನಾನು ಮಾಡಿದ್ದು ಹುಡುಗರು-ಹುಡುಗೀರ ಚಾರ್ಟಲ್ಲ. ಹೊಲಿಗೆ ಬರೋರು, ಹೊಲಿಗೆ ಬಾರದೋರು ಅನ್ನೋ ಚಾರ್ಟು!"

"ಸೊನ್ನೆ ಬರೆದವಳು ನಾನಮ್ಮಾ. ನಿನ್ನ ತಪ್ಪು ಅರ್ಧ."

ತಾನೇ ಎದ್ದು ಹೋಗಿ ಗೋಡೆಯಿಂದ ಚಾರ್ಟು ಕಿತ್ತಳು. ಓದಿದವರಲ್ಲೂ ಒಳ್ಳೆಯವರಿದ್ದಾರೆ. ಫಾರಂನಲ್ಲಿ ಹೊಸ ಕಾಲಂ ಬರೆದಳು: "ಮಾತು ಬಿಟ್ಟ ದಿನಗಳು." ಹುಡುಗಿಯರಿಗೆ ಪಾತ್ರೆ ಹಂಚಿದಳು. ಸರದಿಯಲ್ಲಿ ಹಾಡಿಕೊಂಡು ತೊಳೆಯುತ್ತಿದ್ದಾರೆ. ಪಿನ್ನಿನ ಶಿಫಾರಸು ಮಾತ್ರ ಅವಳ ಕೈಯಲ್ಲಿಲ್ಲವಂತೆ. ಅದು ಸಾಹೇಬರ ಸಹಿ.

೨೦, ಶುಕ್ರವಾರ

ಇವತ್ತಿನಿಂದ ಹುಡುಗರಿಗೂ ಹೊಲಿಗೆ. ನಾನೇ ಹಟ ಹಿಡಿದದ್ದು. ಕಿತ್ತವನೇ ಹಾಕಲಿ.

ಬುಲ್ಡೋಜರ್ ಸೂಜಿಗೆ ದಾರ ಪೋಣಿಸಲು ನಲವತ್ತು ನಿಮಿಷ ತೆಗೆದುಕೊಂಡ. ನಾಲಗೆ ಹೊರಗೆ, ಒಂದು ಕಣ್ಣು ಮುಚ್ಚಿ. ಚುಚ್ಚಿಕೊಂಡಾಗ ಇಡೀ ಕಟ್ಟಡ ಕೇಳುವಂತೆ "ಅಮ್ಮಾ!" ಎಂದ. ಗುದ್ದು ತಿಂದು ನಗುವವನು!

ಅಂತೂ ಒಂದು ಗುಂಡಿ ಹಾಕಿದ. ಹಾಕಿ ಎದ್ದರೆ ಅಂಗಿ ಪ್ಯಾಂಟಿಗೆ ಅಂಟಿಕೊಂಡು ಬಂತು. ಎರಡನ್ನೂ ಸೇರಿಸಿ ಹೊಲಿದಿದ್ದ.

ಬಿಡಿಸಿ ಕೊಡುತ್ತಿರುವಾಗ ಸಣ್ಣ ದನಿಯಲ್ಲಿ, "ಅಜ್ಜಿ, ಆ ಪಿನ್ನಿಂದು ಒಂದೇ ಏಟಂತಲ್ಲ. ಅದನ್ನ ನನ್ನ ಹೆಸರಿಗೆ ಬರ್ಕೊಳ್ಳೋಕೆ ಹೇಳಿ. ಹನ್ನೊಂದು ಇದ್ದಿದ್ದು ಹನ್ನೆರಡು ಆದ್ರೆ ನನಗೇನೂ ಆಗಲ್ಲ."

"ನಿನಗೇನೂ ಆಗಲ್ಲ ಅಂತ ಯಾರು ಹೇಳಿದ್ದು?"

"ನಾನು ಹುಡುಗ ಅಲ್ವಾ ಅಜ್ಜಿ."

ವ್ಯಂಗ್ಯವಲ್ಲ. ನಿಜವಾಗಿಯೇ ಸಹಾಯ ಮಾಡಲು ಹೇಳಿದ. ಅವನ ತಲೆಗೊಂದು ಮೊಟಕಿದೆ. ಇದಕ್ಕೂ ಫಾರಂ ತುಂಬುವುದಾದರೆ ತುಂಬಲಿ.

೨೩, ಸೋಮವಾರ

ನಿನ್ನೆ ಭಾನುವಾರ. ಪಿನ್ನಿನ ತಂಗಿ ಬಂದಿತ್ತು. "ಇನ್ನೆಷ್ಟು?" ಪಿನ್ನು ಅವಳ ಜಡೆ ಬಿಚ್ಚಿ ಮತ್ತೆ ಹೆಣೆದಳು. ಎರಡು ಸಲ. ನನಗೆ ವಾರ್ಡನ್ ಬಂದು ಹೇಳಿದ್ದು ಇದು.

ಇವತ್ತು ಸಾಹೇಬರ ಕೋಣೆಗೆ ಹೋದೆ. ನಾನು ಕೂರುವ ಮೊದಲೇ ಟೀ ಲೋಟವನ್ನು ತಮ್ಮ ಕಡೆಗೆ ಎಳೆದುಕೊಂಡರು. ಎಲ್ಲಾ ಹೇಳಿದೆ, ದನಿ ಏರಿಸದೆ. ತೇಪೆ, ಸೊನ್ನೆ, ಗೋಡೆ ನೋಡಿದ ಒಂಬತ್ತು ದಿನ, ಹನ್ನೊಂದು, ಒಂದು. ಪೂರ್ತಿ ಕೇಳಿದರು. ಕೆಟ್ಟ ಮನುಷ್ಯ ಅಲ್ಲ, ಮೈಗಳ್ಳ.

"ಅಜ್ಜಿ, ನೀವು ಹೇಳೋದು ಸರಿ ಇರಬಹುದು. ಆದ್ರೆ ಹುಡುಗರು ಅಂದ್ಮೇಲೆ ಸ್ವಲ್ಪ ಕೈ ಬೀಸ್ತಾರೆ. ಹುಡುಗಿ ಆ ಮಟ್ಟಕ್ಕೆ ಹೋಗಿದ್ದಾಳೆ ಅಂದ್ರೆ ಒಳಗೆ ಎಷ್ಟಿರಬೇಕು, ಯೋಚನೆ ಮಾಡಿ."

"ಒಳಗೆ ಎಷ್ಟಿದೆ ಅಂತ ಯಾವ ಟೇಪಿನಲ್ಲಿ ಅಳೆದ್ರಿ?"

"ಮತ್ತೆ ಸಿಟ್ಟು ಮಾಡ್ಕೋಬೇಡಿ. ಬಾಯಿಮಾತು ಫೈಲಿಗೆ ಹೋಗಲ್ಲ. ಬರೆದು ಕೊಡಿ."

ನಾನು ಬರೆಯುವುದಿಲ್ಲ ಎಂಬ ಧೈರ್ಯ ಅವರಿಗೆ.

೨೪, ಮಂಗಳವಾರ, ಬೆಳಿಗ್ಗೆ

ಕಾಗದ ಎಲ್ಲಿಂದ ತರಲಿ, ಈ ಪುಟವನ್ನೇ ಹರಿದು ಕೊಡುತ್ತೇನೆ. ಕೌನ್ಸೆಲರ್ ತಿದ್ದಿಕೊಡುತ್ತೇನೆ ಎಂದಳು. ಬೇಡ ಎಂದೆ. ತಿದ್ದಿದರೆ ನನ್ನದಾಗುವುದಿಲ್ಲ.

ಸೂಪರಿಂಟೆಂಡೆಂಟ್ ಸಾಹೇಬರಿಗೆ, ಹೊಲಿಗೆ ಕೋಣೆಯಿಂದ.

ಮೂರು ತಿಂಗಳು ಹುಡುಗಿಯರ ಪುಟದಲ್ಲಿ ಸೊನ್ನೆ ಬರೆದದ್ದು ನನ್ನ ತಪ್ಪು. ಅದಕ್ಕೆ ನನಗೆ ಯಾವ ಪಾತ್ರೆ ಕೊಟ್ಟರೂ ತೊಳೆಯುತ್ತೇನೆ. ಆ ಹುಡುಗಿ ಹೊಡೆದದ್ದು ನಿಜ. ಒಂದು ವಾರ ತೊಳೆದು ತೀರಿಸಿದ್ದಾಳೆ. ಆ ಹುಡುಗ ಹನ್ನೊಂದು ಹೊಡೆದದ್ದೂ ನಿಜ. ಅವನೂ ತೀರಿಸಿದ್ದಾನೆ. ಅವನು ಮನೆಗೆ ಹೋಗಲಿ, ಒಳ್ಳೆಯವನು, ನನ್ನ ಅಡ್ಡಿ ಇಲ್ಲ.

ಅವನ ಹನ್ನೊಂದಕ್ಕೆ ಹುಮ್ಮಸ್ಸು ಎಂದು ಬರೆದ ಪೆನ್ನಿನಲ್ಲೇ ಇವಳ ಒಂದಕ್ಕೆ ಹಿಂಸೆ ಎಂದು ಬರೆದಿದ್ದೀರಿ. ಯಾಕೆ ಎಂದು ತಿಳಿಸಬೇಕು. ಬೇರೆ ಕಾರಣವಿದ್ದರೆ ಅದನ್ನು ಬರೆಯಿರಿ. ಅವಳು ಹುಡುಗಿ ಎನ್ನುವುದೊಂದೇ ಕಾರಣವಾದರೆ ಅದನ್ನೇ ಬರೆಯಿರಿ, ಕೆಳಗೆ ಸಹಿ ಹಾಕಿ. ಮೂವತ್ತನೇ ತಾರೀಖು ಮಂಡಳಿಯ ಮುಂದೆ ನಾನೇ ಎದ್ದು ನಿಂತು ಓದುತ್ತೇನೆ. ನಿಧಾನವಾಗಿ ಓದುತ್ತೇನೆ, ಎಲ್ಲರಿಗೂ ಕೇಳುತ್ತದೆ. ಎರಡಕ್ಕೂ ಒಂದೇ ಮಾತು ಬರೆದರೆ ನನಗೆ ಓದುವ ಕೆಲಸ ತಪ್ಪುತ್ತದೆ.

ನನ್ನನ್ನು ಕೆಲಸದಿಂದ ತೆಗೆಯುವುದಿದ್ದರೆ ಅದನ್ನೂ ಇದೇ ಕಾಗದದ ಹಿಂದೆ ಬರೆದು ಕಳಿಸಿ, ಜಾಗ ಇದೆ.

ಇಪ್ಪತ್ತೇಳನೇ ತಾರೀಖು, ಶುಕ್ರವಾರ, ಸಂಜೆ ಐದರೊಳಗೆ ಉತ್ತರ ಬೇಕು.